ಕೇಳಿ ಮೇಷ್ಟ್ರೇ: ಹೆಡ್‌ಮಾಸ್ಟರ್ ಇರಬೇಕಾದ ಜಾಗ ಯಾವುದು?

ಶಾಲೆ ನಡೆಸುವುದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಿಂದ ರಾಶಿ ಪತ್ರ ಬಂದಿವೆ. ಬರೆದವರಲ್ಲಿ ಮೇಷ್ಟ್ರುಗಳೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಶಾಲೆಯ ಗುರುತು ಸಿಗದಂತೆ ಊರ ಹೆಸರು ತೆಗೆದು ತಾಲ್ಲೂಕು ಮಾತ್ರ ಇಟ್ಟಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ನಾಲ್ಕೇ ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಷ್ಟ್ರೇ, ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆಡ್‌ಮಾಸ್ಟರ್ ನಿವೃತ್ತಿಯಾದ ಮೇಲೆ ಹುದ್ದೆ ಖಾಲಿ ಬಿದ್ದಿದೆ. ನನಗಿಂತ ಸೀನಿಯರ್ ಆದ ಇಬ್ಬರು ಆರೋಗ್ಯ ಸರಿ ಇಲ್ಲ, ಮನೆ ಕಷ್ಟ ಅಂತ ಹೇಳಿ ಜಾರಿಕೊಂಡರು. ಪ್ರಭಾರ ನನ್ನ ತಲೆಗೆ ಬಂತು. ಈಗ ನಾನೇನಾದರೂ ಹೇಳಿದರೆ ‘ನೀವೂ ನಮ್ಮ ಥರ ಅಸಿಸ್ಟೆಂಟ್ ಟೀಚರ್ರೇ ಅಲ್ವಾ’ ಅನ್ನುತ್ತಾರೆ. ಒಬ್ಬರಂತೂ ದಿನಾ ಲೇಟು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆದುಬಿಡಲಾ? ಇವರು ನನ್ನ ಮಾತು ಕೇಳುವ ಹಾಗೆ ಮಾಡುವುದು ಹೇಗೆ?
– ಶಿಕ್ಷಕಿ, ಪಾಂಡವಪುರ ತಾಲ್ಲೂಕು

ಉತ್ತರ: ಬರೆಯುವುದು ಇದ್ದೇ ಇದೆ, ಅದಕ್ಕೆ ಆಮೇಲೆ ಬರೋಣ. ಮೊದಲು ಒಂದು ಮಾತು ಒಪ್ಪಿಕೊಳ್ಳಿ ಮೇಡಂ. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಪ್ರಭಾರದ ಆದೇಶ ನಿಮಗೆ ಕೊಟ್ಟಿದ್ದು ಬೀರುವಿನ ಕೀ, ನಗದು ಪುಸ್ತಕ, ಸಹಿ ಮಾಡುವ ಅಧಿಕಾರ. ಮಾತು ನಡೆಯುವ ಹಾಗೆ ಮಾಡುವ ಶಕ್ತಿ ಆ ಕಾಗದದಲ್ಲಿ ಇಲ್ಲ. ಬಡ್ತಿ ಪಡೆದು ಬಂದ ಹೆಡ್‌ಮಾಸ್ಟರಿಗೂ ಅದು ಕಾಗದದಿಂದ ಬರುವುದಿಲ್ಲ. ಕುರ್ಚಿ ಪಕ್ಕಾ ಆಗಿರುವುದರಿಂದ ಎದುರಿಗೆ ಯಾರೂ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಎಲ್ಲಿಂದ ಬರುತ್ತದೆ? ನಾನು ನೋಡಿದ ಮಟ್ಟಿಗೆ ತರಗತಿಯಿಂದ. ಆಫೀಸ್ ರೂಮಿನಿಂದಲ್ಲ.

ಮೊದಲ ಕೆಲಸ, ನಿಮ್ಮ ತರಗತಿಯ ಪಾಠ ಬಿಡಬೇಡಿ. ಪ್ರಭಾರ ಬಂದ ಮೇಲೆ ಬಹಳ ಜನ ಮಾಡುವುದು ಅದನ್ನೇ. ಮೇಲ್, ಮೀಟಿಂಗ್, ಬಿಲ್ಲು ಅಂತ ಓಡಾಡಿ ತಮ್ಮ ಮಕ್ಕಳನ್ನು ಪಕ್ಕದ ತರಗತಿಗೆ ಸೇರಿಸಿಬಿಡುತ್ತಾರೆ. ಪಕ್ಕದ ಟೀಚರ್ ಎರಡು ತರಗತಿ ಮಕ್ಕಳನ್ನು ಇಟ್ಟುಕೊಂಡು ಒದ್ದಾಡುತ್ತಾ ಇರುವಾಗ ಅವರಿಗೆ ‘ನೀವು ಲೇಟು’ ಅಂತ ಹೇಳಿದರೆ ಯಾರು ಕೇಳುತ್ತಾರೆ ಹೇಳಿ. ನೀವು ಬೆಲ್ಲಿಗೆ ಸರಿಯಾಗಿ ತರಗತಿಗೆ ಹೋಗುವುದನ್ನು ಅವರು ನೋಡಬೇಕು.

ಎರಡನೆಯದು, ವಾರಕ್ಕೆ ಒಂದೆರಡು ಪೀರಿಯಡ್ ಬೇರೆಯವರ ತರಗತಿಯಲ್ಲಿ ಕೂರಿ. ಕೇಳಿ ಹೋಗಿ. ಕೈಯಲ್ಲಿ ಡೈರಿ, ಪೆನ್ನು ಬೇಡ, ಅದು ಇನ್ಸ್‌ಪೆಕ್ಷನ್ ಆಗಿಬಿಡುತ್ತದೆ. ಹಿಂದಿನ ಸಾಲಿನಲ್ಲಿ ಓದಲು ಬಾರದ ಮೂರ್ನಾಲ್ಕು ಮಕ್ಕಳು ಇದ್ದೇ ಇರುತ್ತಾರಲ್ಲ, ಅವರ ಜೊತೆ ಕೂತು ಓದಿಸಿ. ಆ ಟೀಚರಿಗೆ ಒಂದು ಪೀರಿಯಡ್ ಭಾರ ಇಳಿಯುತ್ತದೆ, ನಿಮಗೆ ಆ ತರಗತಿ ಗೊತ್ತಾಗುತ್ತದೆ. ಮೊದಲೆರಡು ಸಲ ಅನುಮಾನದಿಂದ ನೋಡುತ್ತಾರೆ. ನೋಡಲಿ ಬಿಡಿ.

ಮೂರನೆಯದು ಶನಿವಾರದ್ದು. ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಎಲ್ಲರೂ ಕೂರಿ. ಸುತ್ತೋಲೆ ಓದಬೇಡಿ, ಅದನ್ನು ಸಹಿ ಮಾಡಿಸಿಕೊಂಡರೆ ಸಾಕು. ಟೇಬಲ್ ಮೇಲೆ ಯಾವುದಾದರೂ ಒಂದು ತರಗತಿಯ ಕನ್ನಡ ನೋಟ್‌ಬುಕ್ಕೋ ಲೆಕ್ಕದ ಪುಸ್ತಕವೋ ಇಡಿ. ಮೊದಲ ವಾರ ನಿಮ್ಮ ತರಗತಿಯದ್ದೇ ಇರಲಿ. ‘ಈ ಮಗು ಒತ್ತಕ್ಷರದಲ್ಲಿ ಸಿಕ್ಕಿಕೊಂಡಿದೆ, ನನಗೆ ದಾರಿ ಕಾಣುತ್ತಿಲ್ಲ, ನೀವಾದರೆ ಏನು ಮಾಡ್ತಿದ್ದಿರಿ?’ ಅಂತ ಆ ಸೀನಿಯರ್ ಟೀಚರನ್ನೇ ಕೇಳಿ. ಇಪ್ಪತ್ತು, ಮೂವತ್ತು ವರ್ಷ ಪಾಠ ಮಾಡಿದವರಿಗೆ ಗೊತ್ತಿರುವುದು ಬಹಳ ಇರುತ್ತದೆ. ಯಾರೂ ಕೇಳಿರುವುದಿಲ್ಲ, ಅಷ್ಟೇ.

ಇದು ಬರೀ ನನ್ನ ಅನಿಸಿಕೆ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು ಶಾಲಾ ಮುಖ್ಯಸ್ಥರ ಕೆಲಸದ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2008ರಲ್ಲಿ ಲೆಕ್ಕ ಹಾಕಿದರು. ಗುರಿ ಇಡುವುದು, ಹಣ-ಸಾಮಗ್ರಿ ಹೊಂದಿಸುವುದು, ಪಾಠವನ್ನು ಗಮನಿಸುವುದು, ಶಿಸ್ತು ಕಾಪಾಡುವುದು, ಶಿಕ್ಷಕರ ಕಲಿಕೆಯಲ್ಲಿ ತಾವೂ ಸೇರುವುದು, ಹೀಗೆ ಐದು ಬಗೆಯ ಕೆಲಸಗಳಲ್ಲಿ ಯಾವುದರಿಂದ ಮಕ್ಕಳ ಕಲಿಕೆಗೆ ಹೆಚ್ಚು ಲಾಭ ಅಂತ ನೋಡಿದರೆ ಎಲ್ಲಕ್ಕಿಂತ ಮೇಲೆ ಬಂದದ್ದು ಕೊನೆಯದು. ಶಿಕ್ಷಕರನ್ನು ತರಬೇತಿಗೆ ಕಳಿಸಿ ತಾನು ಆಫೀಸಿನಲ್ಲಿ ಕೂರುವುದಲ್ಲ. ಅವರ ಜೊತೆ ತಾನೂ ಕೂತು ಕಲಿಯುವುದು.

ನ್ಯೂಜಿಲೆಂಡ್ ದೂರ ಆಯಿತು ಅಂದರೆ ನಮ್ಮ ಎಚ್.ಡಿ. ಕೋಟೆ ತೆಗೆದುಕೊಳ್ಳಿ. ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋದ ನಲಿ-ಕಲಿ ಅನ್ನುವ ಚಟುವಟಿಕೆಯ ಕಲಿಕಾ ಪದ್ಧತಿ ಶುರುವಾಗಿದ್ದು 1995ರಲ್ಲಿ ಆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಲ್ಲಿ. ಅಲ್ಲಿಯ ಪ್ರಾಥಮಿಕ ಶಾಲೆ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳಿಗೆ ಕಲಿಸುವುದನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡು, ಕಲಿಕಾ ಏಣಿ ಎಲ್ಲ ತಾವೇ ಕೂತು ತಯಾರು ಮಾಡಿದರು. ಅಧಿಕಾರಿಗಳ ಬೆಂಬಲ ಇತ್ತು, ಇಲ್ಲ ಅನ್ನಲ್ಲ. ಆದರೆ ಕೆಲಸಕ್ಕೆ ಜೀವ ಬಂದದ್ದು ಶಿಕ್ಷಕರು ಕೈ ಹಾಕಿದ್ದರಿಂದ. 2009ರ ಹೊತ್ತಿಗೆ ಅದು ರಾಜ್ಯದ ಎಲ್ಲ ಕಡೆಗೆ ಆದೇಶವಾಗಿ ಹೋಯಿತು. ಆದೇಶವಾಗಿ ಹೋದ ಎಷ್ಟೋ ಕಡೆ ಕಾರ್ಡುಗಳು ಬೀರುವಿನಲ್ಲಿ ಧೂಳು ತಿಂದವು. ಒಟ್ಟಿಗೆ ಕೂತು ಮಾಡಿದ್ದಕ್ಕೂ ಮೇಲಿನಿಂದ ಇಳಿದದ್ದಕ್ಕೂ ಇರುವ ಫರಕು ಇದೇ. ನಿಮ್ಮ ಶಾಲೆಯಲ್ಲೂ ಅದೇ ನಡೆಯುತ್ತದೆ.

ಇನ್ನು ಲೇಟ್ ಬರುವವರ ವಿಚಾರ. ಮೊದಲು ಒಬ್ಬರನ್ನೇ ಕರೆದು ಕೇಳಿ, ಎಲ್ಲರೆದುರು ಬೇಡ. ಮೈಸೂರಿನಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುವವರೇ ಜಾಸ್ತಿ, ಬಸ್ಸೊಂದು ತಪ್ಪಿದರೆ ಪ್ರಾರ್ಥನೆ ಮುಗಿದಿರುತ್ತದೆ. ಕಾರಣ ಅದಾದರೆ ಮುಂಚಿನ ಬಸ್ ಹಿಡಿಯಲಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಸ್ವಲ್ಪ ದಿನದ ಮಟ್ಟಿಗೆ ಏನಾದರೂ ಹೊಂದಿಸಬಹುದು. ಎರಡೂ ಅಲ್ಲದೆ ಸುಮ್ನೆ ಉಡಾಫೆ ಅಂದರೆ, ಹಾಜರಿ ಪುಸ್ತಕದಲ್ಲಿ ಬಂದ ಸಮಯ ಬರೆಯಿಸಿ. ಹೊತ್ತಿಗೆ ಸರಿಯಾಗಿ, ತಪ್ಪದೆ ಬರುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳಲ್ಲಿ ಮೊದಲನೆಯದು. ಅದಾದ ಮೇಲೂ ಮುಂದುವರಿದರೆ ಲಿಖಿತ ನೋಟಿಸ್, ಆಮೇಲೆ ಬಿಇಒ ಆಫೀಸು. ಹೆದರಿಕೆ ಬೇಡ. ಆದರೆ ನೀವು ಬಿಲ್ಲಿಗೋ ಮೀಟಿಂಗಿಗೋ ಹೊರಗೆ ಹೋಗುವಾಗ ಚಲನವಲನ ವಹಿಯಲ್ಲಿ ಬರೆದೇ ಹೋಗಿ. ಒಬ್ಬರಿಗೆ ಒಂದು, ನಮ್ಮ ಊರಿನವರಿಗೆ ಒಂದು, ನಮ್ಮವರಿಗೆ ಇನ್ನೊಂದು ಅಂತ ಆಯಿತೋ, ಸ್ಟಾಫ್ ರೂಮು ಎರಡು ಗುಂಪಾಗುತ್ತದೆ. ಆಮೇಲೆ ಏನು ಮಾಡಿದರೂ ಅಂಟುವುದಿಲ್ಲ.

ಪ್ರಶ್ನೆ: ಒಳ್ಳೆ ಮೇಷ್ಟ್ರು ಒಳ್ಳೆ ಹೆಡ್‌ಮಾಸ್ಟರ್ ಆಗೇ ಆಗ್ತಾರಾ ಸಾರ್? ನಮ್ಮ ಗಣಿತದ ಮೇಷ್ಟ್ರು ಪಾಠದಲ್ಲಿ ಎತ್ತಿದ ಕೈ. ಹೆಡ್ ಆದ ಮೇಲೆ ಮಂಕಾಗಿಬಿಟ್ಟಿದ್ದಾರೆ.
– ಹಳೆಯ ವಿದ್ಯಾರ್ಥಿ, ಮಳವಳ್ಳಿ

ಉತ್ತರ: ಆಗೇ ಆಗುತ್ತಾರೆ ಅಂತಿಲ್ಲ. ಸಾರು ಚೆನ್ನಾಗಿ ಮಾಡುವವರಿಗೆಲ್ಲ ಮದುವೆ ಮನೆಯ ಉಗ್ರಾಣ ನೋಡಿಕೊಳ್ಳಲು ಬರುತ್ತದಾ? ಆದರೆ ಪಾಠವೇ ಬಾರದವರು ಒಳ್ಳೆ ಹೆಡ್ ಆಗಿದ್ದನ್ನು ನಾನಂತೂ ನೋಡಿಲ್ಲ. ನಮ್ಮಲ್ಲಿ ಬಡ್ತಿ ಬರುವುದು ಸೇವಾ ಹಿರಿತನದ ಮೇಲೆ. ಆ ಕೆಲಸ ಹೇಗೆ ಅಂತ ಮೊದಲೇ ಕೂರಿಸಿ ಹೇಳಿಕೊಡುವವರು ಕಡಿಮೆ. ದೆಹಲಿಯಲ್ಲಿ 2012ರಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಅಂತ ಶುರುವಾದದ್ದೇ ಈ ಕೊರತೆ ತುಂಬಲು. ನಿಮ್ಮ ಮೇಷ್ಟ್ರಿಗೆ ಈಗ ಬೇಕಿರುವುದು ಬಿಲ್ಲು, ವೋಚರ್ ನೋಡಿಕೊಳ್ಳುವ ಒಬ್ಬ ಜೊತೆಗಾರ. ಹತ್ತನೇ ತರಗತಿಗೆ ದಿನಕ್ಕೊಂದು ಗಣಿತದ ಪೀರಿಯಡ್ ಬಿಡದೆ ತೆಗೆದುಕೊಳ್ಳಲಿ. ಮಂಕು ತಾನಾಗಿ ಹೋಗುತ್ತದೆ.

ಪ್ರಶ್ನೆ: ಪಾಠ ಮಾಡಬೇಕು ಅಂತ ನಮಗೂ ಆಸೆಯೇ. ಆದರೆ ಬೆಳಗಾದರೆ ವಾಟ್ಸಾಪ್ ಗ್ರೂಪಿನಲ್ಲಿ ‘ತುರ್ತು, ಇವತ್ತೇ ಕಳಿಸಿ’. ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಹಾಲಿನ ಪುಡಿ ಲೆಕ್ಕ, ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ. ಮೊಟ್ಟೆ ರೇಟು ಏರಿದರೆ ಕೈಯಿಂದ ಹಾಕಬೇಕು. ನಾವು ಹೆಡ್‌ಮಾಸ್ಟರ್‌ಗಳೋ ಗುಮಾಸ್ತರೋ? ತರಗತಿಗೆ ಹೋಗಲು ಹೊತ್ತೆಲ್ಲಿದೆ?
– ಮುಖ್ಯ ಶಿಕ್ಷಕರು, ಮೈಸೂರು ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಸಮಾಧಾನ ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ 1ರಿಂದ 5ನೇ ತರಗತಿಯಲ್ಲಿ ಮಕ್ಕಳು 150ಕ್ಕಿಂತ ಜಾಸ್ತಿ ಇದ್ದರೆ, 6ರಿಂದ 8ರಲ್ಲಿ 100ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬೇರೆ ಮುಖ್ಯ ಶಿಕ್ಷಕರು. ನಮ್ಮ ಹಳ್ಳಿ ಕಡೆಯ ಬಹಳಷ್ಟು ಶಾಲೆಗಳಲ್ಲಿ ಅಷ್ಟು ಮಕ್ಕಳೇ ಇಲ್ಲ. ಅಂದರೆ ಪಾಠವೂ ನಿಮ್ಮದೇ, ಲೆಕ್ಕವೂ ನಿಮ್ಮದೇ. ಇದೇ ಕಾಯ್ದೆಯ 27ನೇ ಕಲಮು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಈ ಮೂರನ್ನು ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅನ್ನುತ್ತದೆ. ಬಿಸಿಯೂಟ, ಹಾಲು, ಮೊಟ್ಟೆ ಲೆಕ್ಕ ಶಾಲೆಯೊಳಗಿನ ಕೆಲಸ ಅನ್ನುವ ಲೆಕ್ಕದಲ್ಲಿ ಆ ಬೇಲಿ ದಾಟಿ ಒಳಗೆ ಬಂದಿವೆ. ಇದಕ್ಕೆ ಗುಮಾಸ್ತರ ಹುದ್ದೆ ಬೇಕು ಅಂತ ಸಂಘದ ಮೂಲಕ ಕೇಳುತ್ತಲೇ ಇರಿ, ಬಿಡಬೇಡಿ.

ಅದು ಬರುವವರೆಗೆ ಏನು ಮಾಡುವುದು? ನನಗೆ ಗೊತ್ತಿರುವ ಕೆಲವು ಮುಖ್ಯ ಶಿಕ್ಷಕರು ಮಾಡುವುದನ್ನು ಹೇಳುತ್ತೇನೆ. ಬೆಳಗಿನ ಮೊದಲ ಎರಡು ಪೀರಿಯಡ್ ಫೋನು ಬೀರುವಿನಲ್ಲಿ. ಆ ಹೊತ್ತು ಏನಿದ್ದರೂ ತರಗತಿಯಲ್ಲಿ. ‘ತುರ್ತು’ ಅಂತ ಬಂದ ಮೆಸೇಜುಗಳಲ್ಲಿ ಎಷ್ಟು ನಿಜವಾಗಲೂ ತುರ್ತು ಅಂತ ಒಂದು ತಿಂಗಳು ಗಮನಿಸಿ ನೋಡಿ. ಮಧ್ಯಾಹ್ನ ಕಳಿಸಿದರೆ ಆಕಾಶ ಕಳಚಿ ಬೀಳುವಂಥದ್ದು ಬಹಳ ಕಡಿಮೆ. ಕೆಲಸ ಹಂಚಿ: ಅಕ್ಕಿ, ಬೇಳೆ ದಾಸ್ತಾನು ಒಬ್ಬರು, ಸ್ಯಾಟ್ಸ್ ಒಬ್ಬರು, ಮೊಟ್ಟೆ-ಹಾಲು ಇನ್ನೊಬ್ಬರು. ವರ್ಷಕ್ಕೊಮ್ಮೆ ಬದಲಾಯಿಸಿ, ಇಲ್ಲದಿದ್ದರೆ ಕಂಪ್ಯೂಟರ್ ಗೊತ್ತಿರುವ ಚಿಕ್ಕ ವಯಸ್ಸಿನ ಟೀಚರ್ ತಲೆ ಮೇಲೇ ಎಲ್ಲ ಬೀಳುತ್ತದೆ, ಅದು ಅನ್ಯಾಯ. ಆದರೆ ಒಂದು ಮಾತ್ರ ಹಂಚಬೇಡಿ. ಮಕ್ಕಳಿಗೆ ಬಡಿಸುವ ಮೊದಲು ಊಟ ರುಚಿ ನೋಡುವುದು, ಆಗಾಗ ಮಕ್ಕಳ ಸಾಲಿನಲ್ಲೇ ಕೂತು ಉಣ್ಣುವುದು ನೀವೇ ಮಾಡಿ. ಅಡುಗೆಯವರಿಗೂ ಅದರಿಂದ ಗೌರವ. ಯಾವ ಮಗು ಎರಡು ದಿನದಿಂದ ಬಂದಿಲ್ಲ, ಯಾವ ಮಗು ಅಳುಮುಖ ಮಾಡಿದೆ ಅನ್ನುವುದು ಅಲ್ಲಿ ಗೊತ್ತಾಗುವಷ್ಟು ಹಾಜರಿ ಪುಸ್ತಕದಲ್ಲಿ ಗೊತ್ತಾಗುವುದಿಲ್ಲ.

ಮೊಟ್ಟೆಗೆ ಕೈಯಿಂದ ಹಾಕಿದ ದುಡ್ಡನ್ನು ಬರೆದಿಡಿ. ಅಂಗಡಿ ಚೀಟಿ ಸಮೇತ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಸೇರಿಸಿ ಮೇಲಕ್ಕೆ ಕಳಿಸಿ. ಸುಮ್ಮನೆ ಹಾಕುತ್ತಾ ಹೋದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಪ್ರಶ್ನೆ: ಮಗಳನ್ನು ಮುಂದಿನ ವರ್ಷ ಪ್ರೈವೇಟ್ ಶಾಲೆಗೆ ಸೇರಿಸಬೇಕು. ಎರಡು ಶಾಲೆ ನೋಡಿದ್ದೇವೆ. ಒಂದರಲ್ಲಿ ಪ್ರಿನ್ಸಿಪಾಲ್ ಬಹಳ ಸ್ಟ್ರಿಕ್ಟ್, ಸೂಜಿ ಬಿದ್ದರೂ ಕೇಳಿಸುತ್ತೆ ಅಂತಾರೆ. ಇನ್ನೊಂದರಲ್ಲಿ ಗಲಾಟೆ ಜಾಸ್ತಿ, ಆದರೆ ಮಕ್ಕಳು ಖುಷಿಯಾಗಿದ್ದ ಹಾಗೆ ಕಂಡಿತು. ಒಳ್ಳೆ ಪ್ರಿನ್ಸಿಪಾಲ್ ಅಂತ ಹೊರಗಿನವರು ಗುರುತಿಸುವುದು ಹೇಗೆ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಸೂಜಿ ಬಿದ್ದರೆ ಕೇಳಿಸುವ ಶಾಲೆ ಕಂಡರೆ ನನಗೆ ಸ್ವಲ್ಪ ಭಯ ತಾಯಿ. ಆರು ವರ್ಷದ ಮಕ್ಕಳು ನೂರಾರು ಇರುವ ಕಟ್ಟಡ ಅಷ್ಟು ಮೌನವಾಗಿದೆ ಅಂದರೆ ಯಾರೋ ಹೆದರಿಸಿಟ್ಟಿದ್ದಾರೆ ಅಂತಲೇ. ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧ ಮಾಡಿದೆ, ಇದು ಪ್ರೈವೇಟ್ ಶಾಲೆಗೂ ಅನ್ವಯ. ಹಾಗಂತ ಗಲಾಟೆ ಇದ್ದರೆ ಒಳ್ಳೆ ಶಾಲೆ ಅಂತಲೂ ಅಲ್ಲ. ಯಾವ ಗಲಾಟೆ ಅಂತ ನೋಡಬೇಕು. ಮಕ್ಕಳು ಕೆಲಸ ಮಾಡುತ್ತಾ ಮಾತಾಡುವುದು ಒಂದು ಥರ, ಟೀಚರ್ ಇಲ್ಲದೆ ಕಿರುಚಾಡುವುದು ಇನ್ನೊಂದು ಥರ. ಕಿಟಕಿಯಲ್ಲಿ ಎರಡು ನಿಮಿಷ ನೋಡಿದರೆ ತಿಳಿಯುತ್ತದೆ.

ನೀವು ಪ್ರಿನ್ಸಿಪಾಲರನ್ನು ಭೇಟಿಯಾದಾಗ ಎರಡು ಪ್ರಶ್ನೆ ಕೇಳಿ. ಈ ವರ್ಷ ಎಷ್ಟು ಜನ ಟೀಚರ್ ಕೆಲಸ ಬಿಟ್ಟರು? ಉತ್ತರ ಕೊಡಲು ತಡಬಡಾಯಿಸಿದರೆ ಅರ್ಥ ಮಾಡಿಕೊಳ್ಳಿ. ವರ್ಷ ವರ್ಷ ಅರ್ಧ ಟೀಚರ್‌ಗಳು ಬದಲಾಗುವ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್, ಸ್ವಿಮ್ಮಿಂಗ್ ಪೂಲ್ ಏನಿದ್ದರೂ ಅಷ್ಟೇ. ಇನ್ನೊಂದು, ನೀವು ಯಾವ ತರಗತಿಗೆ ಪಾಠ ಮಾಡುತ್ತೀರಿ? ದೊಡ್ಡ ಶಾಲೆಯ ಪ್ರಿನ್ಸಿಪಾಲ್ ಪಾಠ ಮಾಡದೇ ಇರಬಹುದು, ತಪ್ಪೇನಿಲ್ಲ. ಆದರೆ ‘ಹೋದ ವಾರ ಮೂರನೇ ತರಗತಿಯಲ್ಲಿ ಕೂತಿದ್ದೆ, ಭಾಗಾಕಾರ ನಡೀತಿತ್ತು’ ಅಂತ ಏನಾದರೂ ಅವರ ಬಾಯಿಂದ ಬರಬೇಕು. ಅಡ್ಮಿಷನ್ ಕೌನ್ಸೆಲರನ್ನು ಮುಂದೆ ಬಿಟ್ಟು ತಾವು ಕಾಣಿಸಿಕೊಳ್ಳದ ಪ್ರಿನ್ಸಿಪಾಲ್ ಆದರೆ ವಾಪಸ್ ಬನ್ನಿ.

ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಅವರ ಜೊತೆಗಾರರು 2004ರಲ್ಲಿ ಹೇಳಿದ್ದು ಈಗ ಎಲ್ಲ ಕಡೆ ಓಡಾಡುತ್ತಿದೆ. ಶಾಲೆಯೊಳಗಿನ ಸಂಗತಿಗಳಲ್ಲಿ ಮಕ್ಕಳ ಕಲಿಕೆಗೆ ಮೊದಲನೆಯದು ತರಗತಿಯ ಪಾಠ, ಎರಡನೆಯದು ಮುಖ್ಯಸ್ಥರ ನಾಯಕತ್ವ ಅಂತ. ಎರಡನೆಯದು ಕೆಲಸ ಮಾಡುವುದೇ ಮೊದಲನೆಯದರ ಮೂಲಕ. ಹಾಗಾಗಿ ಪ್ರಿನ್ಸಿಪಾಲ್ ಚೇಂಬರ್ ನೋಡಿ ಮಾರುಹೋಗಬೇಡಿ, ಟೀಚರ್‌ಗಳ ಮುಖ ನೋಡಿ. ಸಾಯಂಕಾಲ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತರೆ ಸಾಕು. ಅಂದ ಹಾಗೆ ಮನೆ ಹತ್ತಿರದ ಸರ್ಕಾರಿ ಶಾಲೆಯನ್ನೂ ಒಂದು ಸಲ ನೋಡಿ ಬನ್ನಿ. ನೋಡೋಕೆ ಫೀಸಿಲ್ಲ.

ಪ್ರಶ್ನೆ: ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ಹೆಡ್ಮೇಷ್ಟ್ರು ಚೆಕ್ಕಿಗೆ ಸಹಿ ಬೇಕಾದಾಗ ಮಾತ್ರ ಮನೆ ತಾವ ಬರ್ತಾರೆ. ಸಭೆ ಕರೆಯೋದು ಆಗಸ್ಟ್ 15ಕ್ಕೆ, ಜನವರಿ 26ಕ್ಕೆ. ಏನಾದ್ರೂ ಕೇಳಿದ್ರೆ ‘ನಿಮಗೆ ಗೊತ್ತಾಗಲ್ಲ ಬಿಡಿ’ ಅಂತಾರೆ. ನಾನು ಓದಿರೋದು ಏಳನೇ ಕ್ಲಾಸು. ನಮಗೆ ಏನು ಅಧಿಕಾರ ಐತೆ?
– ರೈತ, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ಅಧ್ಯಕ್ಷರೇ, ಕಬ್ಬು ಕಾರ್ಖಾನೆಯ ತೂಕದ ಚೀಟಿ ಓದಿ ಲೆಕ್ಕ ಹಾಕುವವರಿಗೆ ಶಾಲೆಯ ಲೆಕ್ಕ ಗೊತ್ತಾಗಲ್ಲ ಅಂದರೆ ನಂಬುವ ಮಾತಲ್ಲ. ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದಿದ್ದು 2001ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆಗೂ ಮುಂಚೆ. ಆಮೇಲೆ ಬಂದ ಆ ಕಾಯ್ದೆಯ 21ನೇ ಕಲಮು ಇನ್ನೂ ಸ್ಪಷ್ಟ ಮಾಡಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ಗಮನಿಸುವುದು, ಇವು ನಿಮ್ಮ ಕೆಲಸ. ಹೆಡ್‌ಮಾಸ್ಟರ್ ದಯೆಯಿಂದ ಸಿಕ್ಕಿದ್ದಲ್ಲ.

ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಇವತ್ತಿನಿಂದಲೇ. ‘ಸಭೆ ಕರೀರಿ ಸಾರ್, ಅಲ್ಲೇ ಹಾಕಿಕೊಡ್ತೀನಿ’ ಅಂತ ನಗುನಗುತ್ತಾ ಹೇಳಿ. ಜಗಳ ಬೇಡ. ಸಭೆಗೆ ಹೆಂಗಸರು ಬರುವ ಹೊತ್ತು ನೋಡಿ ಇಡಿಸಿ. ಡೇರಿಗೆ ಹಾಲು ಹಾಕುವ ಹೊತ್ತಿಗೆ ಸಭೆ ಇಟ್ಟರೆ ಯಾರು ಬರುತ್ತಾರೆ? ಆಮೇಲೆ ಅವರ ಸಹಿ ಮನೆ ಮನೆಗೆ ಹೋಗಿ ಹಾಕಿಸಿಕೊಳ್ಳುವುದು ಬಹಳ ಕಡೆ ಇದೆ, ನಿಮ್ಮಲ್ಲೂ ಇದ್ದರೆ ನಿಲ್ಲಿಸಿ.

ಇನ್ನೊಂದು ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ಯಾವ ಟೀಚರ್ ಯಾವ ಪಾಠ ಹೇಗೆ ಮಾಡಬೇಕು ಅಂತ ಹೇಳುವುದು ನಿಮ್ಮ ಕೆಲಸ ಅಲ್ಲ. ಪಂಚಾಯಿತಿ ಎಲೆಕ್ಷನ್ ಜಗಳವನ್ನು ಶಾಲೆಯ ಒಳಕ್ಕೆ ತರುವುದಂತೂ ಬೇಡವೇ ಬೇಡ. ಅದರಿಂದ ಹೈರಾಣಾಗಿ ವರ್ಗ ಮಾಡಿಸಿಕೊಂಡು ಹೋದ ಒಳ್ಳೆ ಹೆಡ್‌ಮಾಸ್ಟರ್‌ಗಳನ್ನು ನಾನು ಬಲ್ಲೆ. ನಿಮ್ಮವರು ‘ಗೊತ್ತಾಗಲ್ಲ’ ಅನ್ನುವುದರ ಹಿಂದೆ ಹಳೆಯ ಇಂಥದ್ದೇ ಗಾಯ ಇರಬಹುದು, ಒಂದು ಸಲ ಕೂತು ಕೇಳಿ. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬರುವ ಕುಟುಂಬಗಳ ಮಕ್ಕಳು ಗದ್ದೆ ಬದುವಿನಲ್ಲಿ ಆಡುತ್ತಾ ಇರುತ್ತಾರಲ್ಲ, ಅವರನ್ನು ಶಾಲೆಗೆ ಕರೆತರುವುದು ಹೆಡ್‌ಮಾಸ್ಟರ್ ಒಬ್ಬರಿಂದ ಆಗಲ್ಲ. ಗ್ಯಾಂಗಿನ ಮೇಸ್ತ್ರಿ ಕೇಳುವುದು ನಿಮ್ಮ ಮಾತು. ಅಂಥ ಒಂದು ಕೆಲಸ ಇಬ್ಬರೂ ಸೇರಿ ಮಾಡಿದರೆ ಸಂಬಂಧ ತಾನಾಗಿ ಸರಿಹೋಗುತ್ತದೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಎದೆ ಬಡಿತ ಮಕ್ಕಳಿಗಿಂತ ಜಾಸ್ತಿ. ಮೀಟಿಂಗಿನಲ್ಲಿ ಪರ್ಸೆಂಟೇಜ್ ಒಂದೇ ಕೇಳುತ್ತಾರೆ. ಕಡಿಮೆ ಬಂದರೆ ಎಲ್ಲರೆದುರು ನಿಲ್ಲಿಸುತ್ತಾರೆ. ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟನ್ನೇ ಕಲಿಸುವುದು) ಬಿಟ್ಟು ಬೇರೆ ಏನು ಮಾಡಲು ಸಾಧ್ಯ?
– ಪ್ರೌಢಶಾಲೆ ಮುಖ್ಯ ಶಿಕ್ಷಕರು, ನಾಗಮಂಗಲ ತಾಲ್ಲೂಕು

ಉತ್ತರ: 2023ರಲ್ಲಿ ರಾಜ್ಯದ ಫಲಿತಾಂಶ 83.89 ಪರ್ಸೆಂಟ್ ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕ ಜಾಸ್ತಿ ಮಾಡಿದ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಇಳಿಯುತ್ತದಾ? ಹಿಂದಿನ ಅಂಕಿ ಎಷ್ಟು ಗಟ್ಟಿ ಇತ್ತು ಅಂತ ನೀವೇ ಯೋಚಿಸಿ. ಆ ಪರ್ಸೆಂಟೇಜ್ ಹಿಡಿದು ಮುಖ್ಯ ಶಿಕ್ಷಕರನ್ನು ಎದ್ದು ನಿಲ್ಲಿಸುವುದು ನಾಯಕತ್ವ ಅಲ್ಲವೇ ಅಲ್ಲ. ಅಲ್ಲಿ ನಿಂತು ಬಂದವರು ಮಾರನೇ ದಿನ ಶಾಲೆಗೆ ಬಂದು ಟೀಚರ್‌ಗಳನ್ನು ನಿಲ್ಲಿಸುತ್ತಾರೆ, ಟೀಚರ್‌ಗಳು ಮಕ್ಕಳನ್ನು ನಿಲ್ಲಿಸುತ್ತಾರೆ. ನೀವು ಮಾಡಬಹುದಾದ ದೊಡ್ಡ ಕೆಲಸ ಅಂದರೆ ಆ ಬೈಗುಳ ನಿಮ್ಮಲ್ಲೇ ನಿಲ್ಲುವ ಹಾಗೆ ನೋಡಿಕೊಳ್ಳುವುದು.

ಹತ್ತನೇ ತರಗತಿಗೆ ಬಂದ ಮೇಲೆ ಪಾಸಿಂಗ್ ಪ್ಯಾಕೇಜ್ ಮಾಡದೆ ವಿಧಿ ಇಲ್ಲ, ಮಾಡಿ. ಆದರೆ ನಿಮ್ಮ ಒಳ್ಳೆಯ ಟೀಚರನ್ನು ಎಂಟನೇ ತರಗತಿಗೆ ಹಾಕಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ಎಂಟಕ್ಕೆ ಸೇರಿದ ಮಕ್ಕಳಲ್ಲಿ ಕನ್ನಡ ಪ್ಯಾರಾ ತಡವರಿಸುವವರು, ಭಾಗಾಕಾರ ಬಾರದವರು ಯಾರು ಅಂತ ಜೂನ್ ತಿಂಗಳಲ್ಲೇ ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ ನೋಡಿ. ಪಟ್ಟಿ ಉದ್ದ ಇರುತ್ತದೆ, ಗಾಬರಿ ಬೇಡ. ಆ ಪಟ್ಟಿಯನ್ನು ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳ ಹೆಡ್‌ಮಾಸ್ಟರ್‌ಗಳ ಜೊತೆ ಕೂತು ಮಾತಾಡಿ, ದೂರುವ ಹಾಗೆ ಅಲ್ಲ. ಇದರ ಫಲ ಕಾಣಲು ಮೂರು ವರ್ಷ ಬೇಕು. ಅಷ್ಟರಲ್ಲಿ ನಿಮಗೆ ವರ್ಗ ಆಗಿರಬಹುದು, ಹೆಸರು ಇನ್ನೊಬ್ಬರಿಗೆ ಬರಬಹುದು. ಆದರೂ ಮಾಡಿ ಅಂತ ಹೇಳುವುದು ನನಗೆ ಸುಲಭ, ಗೊತ್ತು.

ಪ್ರಶ್ನೆ: ತಾತ, ನಾನು ಒಂಬತ್ತನೇ ಕ್ಲಾಸು. ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ ಆಗಿದ್ದೇನೆ. ನಮ್ಮ ಹುಡುಗಿಯರ ಟಾಯ್ಲೆಟ್ಟಿಗೆ ಯಾವಾಗಲೂ ಬೀಗ. ಕೀ ಆಫೀಸಿನಲ್ಲಿ ಸರ್ ಹತ್ತಿರ ಇರುತ್ತೆ. ಕೇಳೋಕೆ ನಾಚಿಕೆ ಆಗುತ್ತೆ. ಅದಕ್ಕೆ ಎಷ್ಟೋ ಜನ ನೀರೇ ಕುಡಿಯಲ್ಲ. ಮಂತ್ರಿ ಆಗಿ ನಾನೇನು ಮಾಡಬಹುದು?
– ವಿದ್ಯಾರ್ಥಿನಿ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಇವತ್ತು ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಿನ್ನದು ಕಣವ್ವ. ಮೊದಲು ಓದುತ್ತಿರುವ ಹೆಡ್‌ಮಾಸ್ಟರ್‌ಗಳಿಗೆ ಒಂದು ಮಾತು. ಇದು ಯಾವ ಶಾಲೆಯ ಹುಡುಗಿ ಅಂತ ಹುಡುಕಬೇಡಿ. ನಿಮ್ಮ ಶಾಲೆಯ ಕೀ ಎಲ್ಲಿದೆ ಅಂತ ಹೋಗಿ ನೋಡಿ.

ಈಗ ನಿನಗೆ. ನೀನು ಒಬ್ಬಳೇ ಹೋಗಬೇಡ. ಮೂರ್ನಾಲ್ಕು ಜನ ಸೇರಿ ನಿಮಗೆ ಸಲುಗೆ ಇರುವ ಒಬ್ಬ ಮೇಡಂ ಹತ್ತಿರ ಹೋಗಿ. ನೀರು ಕುಡಿಯದೆ ಇರುವ ವಿಷಯ ಮುಚ್ಚಿಡದೆ ಹೇಳಿ, ತಿಂಗಳ ಮುಟ್ಟಿನ ಕಷ್ಟವನ್ನೂ ಹೇಳಿ, ಅದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಬೀಗ ಯಾಕೆ ಹಾಕಿದ್ದಾರೆ ಅಂತಲೂ ಕೇಳಿ. ಬಹಳ ಕಡೆ ಕಾರಣ ಏನು ಗೊತ್ತಾ, ಶಾಲೆ ಬಿಟ್ಟ ಮೇಲೆ ಹೊರಗಿನವರು ಬಂದು ಗಲೀಜು ಮಾಡುತ್ತಾರೆ, ತೊಳೆಯಲು ಜನ ಇಲ್ಲ ಅಂತ. ಹಾಗಿದ್ದರೆ ಸಂಜೆ ಬೀಗ ಹಾಕಲಿ, ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ತೆಗೆಯಲಿ. ಇನ್ನೊಂದು ಕೀ ಮಾಡಿಸಿ ಆ ಮೇಡಂ ಹತ್ತಿರವೋ ನಿಮ್ಮ ಕ್ಲಾಸ್ ಲೀಡರ್ ಹತ್ತಿರವೋ ಇಡಲಿ. ಹೀಗೆ ‘ನಮ್ಮ ಕಡೆಯಿಂದ ಈ ಸಲಹೆ’ ಅಂತ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಎಲ್ಲರೂ ಸಹಿ ಮಾಡಿ ಹೆಡ್‌ಮಾಸ್ಟರಿಗೆ ಕೊಡಿ. ಒಂದು ಕಾಪಿ ನಿನ್ನ ಹತ್ತಿರ ಇರಲಿ. ಎಲ್ಲ ಶಾಲೆಯಲ್ಲೂ ಶೌಚಾಲಯ, ಕುಡಿಯುವ ನೀರು ಇರಲೇಬೇಕು ಅಂತ ಸುಪ್ರೀಂ ಕೋರ್ಟೇ 2012ರಲ್ಲಿ ಹೇಳಿದೆ, ಹಾಗಾಗಿ ನೀನು ಕೇಳುತ್ತಿರುವುದು ಉಪಕಾರ ಅಲ್ಲ.

ಬಹಳಷ್ಟು ಹೆಡ್‌ಮಾಸ್ಟರ್‌ಗಳು ಅಷ್ಟಕ್ಕೇ ಸರಿ ಮಾಡುತ್ತಾರೆ. ಅವರ ತಲೆಗೆ ಹೊಳೆದಿರುವುದಿಲ್ಲ, ಅಷ್ಟೇ. ಹದಿನೈದು ದಿನ ಕಾದರೂ ಆಗಲಿಲ್ಲ ಅಂದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಯಾವಾಗ ಅಂತ ವಿಚಾರಿಸು. ಅಲ್ಲಿ ಎದ್ದು ನಿಂತು ಇದನ್ನೇ ಕೇಳು, ಆ ಕಾಪಿ ತೋರಿಸು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಏನು ಉತ್ತರ ಕೊಟ್ಟರು, ಯಾವತ್ತಿಗೆ ಮಾಡಿಸುತ್ತೇನೆ ಅಂದರು ಅಂತ ಅಲ್ಲೇ ಬರೆದುಕೊಂಡು ಬಾ. ಆಮೇಲೆ ನನಗೂ ಒಂದು ಪತ್ರ ಹಾಕು.